ಎಕ್ಸ್‌ಟಿಸಿಯ ‘ಸ್ಕೈಲಾರ್ಕಿಂಗ್’: ಯಾವ ಆವೃತ್ತಿ ಕೇಳಬೇಕು?

ಪ್ರಶ್ನೆ: ಬ್ರಿಟನ್ನಿನ ಎಕ್ಸ್‌ಟಿಸಿ ತಂಡದ ‘ಸ್ಕೈಲಾರ್ಕಿಂಗ್’ ಆಲ್ಬಮ್ ಕಾಲೇಜು ದಿನಗಳಿಂದಲೂ ನನಗೆ ಅಚ್ಚುಮೆಚ್ಚು. ನನ್ನ ಬಳಿಯಿರುವ ಹಳೆಯ ಅಮೆರಿಕನ್ ಸಿಡಿಯಲ್ಲಿ ‘ಡಿಯರ್ ಗಾಡ್’ ಇದೆ, ‘ಮರ್ಮೇಯ್ಡ್ ಸ್ಮೈಲ್ಡ್’ ಇಲ್ಲ. ಹೊಸ ಆವೃತ್ತಿ ಕೊಳ್ಳಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಖಂಡಿತ ಕೊಳ್ಳಿ, ಬಿಟ್ಟುಹೋದ ಹಾಡಿಗಿಂತ ಹೆಚ್ಚಾಗಿ ಇಡೀ ಆಲ್ಬಮ್ಮಿನ ಧ್ವನಿಗಾಗಿ ಕೊಳ್ಳಿ. 1986ರ ಮೂಲ ಧ್ವನಿಮುದ್ರಿಕೆಯಲ್ಲಿ ವಿದ್ಯುತ್ ಸಂಕೇತದ ಧನ–ಋಣಗಳು ಅದಲುಬದಲಾಗಿದ್ದವು. ಡ್ರಮ್ಮಿನ ಪೆಟ್ಟು ಬಿದ್ದಾಗ ಮುಂದಕ್ಕೆ ಚಿಮ್ಮಬೇಕಾದ ಸ್ಪೀಕರಿನ ಪರದೆ ಹಿಂದಕ್ಕೆ ಸರಿಯುತ್ತಿದ್ದುದರಿಂದ ಕಾಲಿನ್ ಮೋಲ್ಡಿಂಗ್ ಅವರ ಬೇಸ್ ಗಿಟಾರು ಸೊರಗಿದಂತೆ ಕೇಳಿಸುತ್ತಿತ್ತು. ಬಹಳ ವರ್ಷಗಳ ನಂತರ ಮಾಸ್ಟರಿಂಗ್ (ಬಿಡುಗಡೆಗೆ ಮುನ್ನ ಅಂತಿಮ ಧ್ವನಿಪ್ರತಿ ಸಿದ್ಧಪಡಿಸುವ) ತಂತ್ರಜ್ಞ ಜಾನ್ ಡೆಂಟ್ ಈ ದೋಷವನ್ನು ಪತ್ತೆಹಚ್ಚಿದರು. ತಿದ್ದಿದ ಆವೃತ್ತಿ 2010ರಲ್ಲಿ ಬಂತು.

ಈ ಆಲ್ಬಮ್ಮನ್ನು ಮತ್ತೆ ಕೇಳುವಾಗ ಹಾಡುಗಳ ಕ್ರಮವನ್ನು ಕದಲಿಸದೆ ಕೇಳಬೇಕೆಂಬುದು ನನ್ನ ಒತ್ತಾಯದ ಮನವಿ. ನಿರ್ಮಾಪಕ ಟಾಡ್ ರಂಡ್‌ಗ್ರೆನ್ ಅವರು ತಂಡ ಕಳುಹಿಸಿದ ಮಾದರಿ ಮುದ್ರಣಗಳಿಂದ ಹಾಡುಗಳನ್ನು ಆರಿಸಿ, ಒಂದು ದಿನದ, ಒಂದು ವರ್ಷದ, ಒಂದು ಬಾಳಿನ ಸುತ್ತು ಮೂಡುವಂತೆ ಅವುಗಳ ಸರದಿಯನ್ನು ಧ್ವನಿಮುದ್ರಣಕ್ಕೆ ಮೊದಲೇ ಗೊತ್ತುಮಾಡಿದ್ದರು. ತಂಡದ ಮುಖ್ಯ ಗಾಯಕ, ಗೀತರಚನೆಕಾರ ಆ್ಯಂಡಿ ಪಾರ್ಟ್ರಿಜ್ ಅವರೊಡನೆ ಅವರಿಗೆ ಸ್ಟುಡಿಯೋದಲ್ಲಿ ತೀವ್ರ ಜಗಳಗಳಾದದ್ದು ಪ್ರಸಿದ್ಧವೇ ಆದರೂ, ಈ ಜೋಡಣೆಯ ಶ್ರೇಯಸ್ಸು ರಂಡ್‌ಗ್ರೆನ್ ಅವರಿಗೇ ಸಲ್ಲಬೇಕು. ಮೊದಲ ಹಾಡು ‘ಸಮರ್ಸ್ ಕಾಲ್ಡ್ರನ್’ ಕೀಟಗಳ ಝೇಂಕಾರದಿಂದ ಆರಂಭವಾಗುತ್ತದೆ. ಆ ಬೇಸಿಗೆಯ ಧಗೆಯ ನಡುವೆ ರಂಡ್‌ಗ್ರೆನ್ ಅವರೇ ನುಡಿಸಿದ ಮೆಲೋಡಿಕಾ (ಊದಿ ನುಡಿಸುವ ಪುಟ್ಟ ಕೀಲಿಮಣೆ ವಾದ್ಯ) ತೇಲಿಬರುತ್ತದೆ, ನಿಲುಗಡೆಯೇ ಇಲ್ಲದೆ ‘ಗ್ರಾಸ್’ ತೆರೆದುಕೊಳ್ಳುತ್ತದೆ. ‘ಬ್ಯಾಲೆ ಫಾರ್ ಎ ರೇನಿ ಡೇ’ ಹಾಗೆಯೇ ‘1000 ಅಂಬ್ರೆಲಾಸ್’ಗೆ ಜಾರಿ, ತಂಡದ ಗಿಟಾರ್ ವಾದಕ ಡೇವ್ ಗ್ರೆಗರಿ ಸಂಯೋಜಿಸಿದ ತಂತಿವಾದ್ಯಗಳು ಹಗುರವಾದ ಮಳೆಯನ್ನು ವಿರಹದ ಭಾರಕ್ಕೆ ತಿರುಗಿಸುವ ಆ ಘಳಿಗೆಯನ್ನು ಬಿಡಿ ಹಾಡುಗಳಾಗಿ ಕೇಳುವವರು ಕಳೆದುಕೊಳ್ಳುತ್ತಾರೆ.

ಇನ್ನು ‘ಡಿಯರ್ ಗಾಡ್’. ಮೊದಲಿಗೆ ಅದು ‘ಗ್ರಾಸ್’ ಹಾಡಿನ ಸಿಂಗಲ್ ತಟ್ಟೆಯ ಹಿಂಬದಿಯಲ್ಲಷ್ಟೇ ಇತ್ತು. ಅಮೆರಿಕದ ರೇಡಿಯೊಗಳಲ್ಲಿ ಜನಪ್ರಿಯವಾದ ಮೇಲೆ ಅಲ್ಲಿನ ಮರುಮುದ್ರಣದಲ್ಲಿ ಅದನ್ನು ಸೇರಿಸಿ ‘ಮರ್ಮೇಯ್ಡ್ ಸ್ಮೈಲ್ಡ್’ ಹಾಡನ್ನು ಕೈಬಿಟ್ಟರು. ನಂತರದ ಆವೃತ್ತಿಗಳಲ್ಲಿ ಎರಡೂ ಇವೆ. ದೇವರನ್ನು ನೇರವಾಗಿ ಪ್ರಶ್ನಿಸುವ ಆ ಹಾಡು ಬಲವಾದದ್ದು, ನಿಜ. ಆದರೆ ಋತುಗಳ ಸುತ್ತಿನೊಳಗೆ ಅದು ವಾದಕ್ಕೆ ನಿಂತಂತೆ ಕೇಳುತ್ತದೆ. ‘ಸ್ಯಾಕ್ರಿಫಿಷಿಯಲ್ ಬಾನ್‌ಫೈರ್’ವರೆಗೆ ಮೂಲ ಕ್ರಮದಲ್ಲಿ ಕೇಳಿ, ‘ಡಿಯರ್ ಗಾಡ್’ ಅನ್ನು ಬೇರೆಯಾಗಿ ಹಾಕಿಕೊಳ್ಳಿ.