ಸ್ವರ ಒಂದು ಹೆಜ್ಜೆ ಹಿಂದೆ ಬೀಳೋದಕ್ಕೆ ರ‍್ಯಾಕ್ ಕಾರಣ ಅಲ್ಲ

ಮೇಲೆ ಕೇಳಿದವರಿಗೆ ಉತ್ತರ, ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ನೀವು ಹೇಳಿದ್ದು ಇಷ್ಟು: ವಿಸಿವಿ ರ‍್ಯಾಕ್‌ನಲ್ಲಿ (ಮಾಡ್ಯೂಲ್ ಅನ್ನೋ ಸಣ್ಣ ಪೆಟ್ಟಿಗೆಗಳನ್ನ ಕೇಬಲ್‌ನಿಂದ ಜೋಡಿಸಿ ಸದ್ದು ಕಟ್ಟೋ ಸಾಫ್ಟ್‌ವೇರ್) ಸೀಕ್ವೆನ್ಸರ್‌ನ (ಸ್ವರಗಳನ್ನ ಒಂದೊಂದೇ ಸ್ಟೆಪ್ ಆಗಿ ಸಾಲಾಗಿ ಕೊಡೋ ಮಾಡ್ಯೂಲ್) ಸ್ವರ ಯಾವಾಗಲೂ ಒಂದು ಸ್ಟೆಪ್ ತಡವಾಗಿ ಬರ್ತಿದೆ, ಅದೇ ಪ್ಯಾಚ್ (ಮಾಡ್ಯೂಲ್‌ಗಳ ಜೋಡಣೆ) ಬಿಟ್‌ವಿಗ್ ಸ್ಟುಡಿಯೋ ಒಳಗಿರೋ ಇಂಥದೇ ಗ್ರಿಡ್‌ನಲ್ಲಿ ಸರಿಯಾಗಿದೆ, ಹಾಗಾಗಿ ರ‍್ಯಾಕ್‌ನ ಟೈಮಿಂಗ್ ಕೆಟ್ಟದ್ದು. ಅದಕ್ಕೆ ಸೀಕ್ವೆನ್ಸ್ ಅನ್ನೇ ಕೈಯಾರೆ ಒಂದು ಸ್ಟೆಪ್ ಎಡಕ್ಕೆ ಸರಿಸಿ ಇಟ್ಟಿದ್ದೀರಿ. ದಯವಿಟ್ಟು ಅದನ್ನ ವಾಪಸ್ ಸರಿಸಿ. ನಾನೂ ಮೊದಮೊದಲು ಹೀಗೇ ಮಾಡಿದ್ದೆ. ಎಂಟು ಸ್ಟೆಪ್ ಇದ್ದದ್ದನ್ನ ಏಳು ಮಾಡಿದ ತಕ್ಷಣ, ಅಥವಾ ನಡುವೆ ರೀಸೆಟ್ (ಮೊದಲ ಸ್ಟೆಪ್‌ಗೆ ಮರಳು ಅನ್ನೋ ಸಂಕೇತ) ಹೊಡೆದ ತಕ್ಷಣ ಎಲ್ಲ ಕೆದರುತ್ತೆ.

ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಕ್ಲಾಕ್‌ನಿಂದ (ತಾಳದ ಬಡಿತ ಕೊಡೋ ಮಾಡ್ಯೂಲ್) ಎರಡು ಕೇಬಲ್ ಹೊರಟಿವೆ. ಒಂದು ಸೀಕ್ವೆನ್ಸರ್‌ಗೆ, ಇನ್ನೊಂದು ನೇರ ಸ್ಯಾಂಪಲ್ ಅಂಡ್ ಹೋಲ್ಡ್‌ನ ಟ್ರಿಗರ್‌ಗೆ. ಟ್ರಿಗರ್ ಅನ್ನೋ ಚಿಕ್ಕ ಬಡಿತ ಬಂದ ಕ್ಷಣದಲ್ಲಿ ಇರೋ ವೋಲ್ಟೇಜನ್ನ ಈ ಹೋಲ್ಡ್ ಹಿಡಿದಿಟ್ಟುಕೊಳ್ಳುತ್ತೆ. ಸೀಕ್ವೆನ್ಸರ್‌ನ ಸಿವಿ (ಇಲ್ಲಿ ಯಾವ ಸ್ವರ ಅಂತ ಹೇಳೋ ವೋಲ್ಟೇಜ್) ಕ್ವಾಂಟೈಜರ್‌ಗೆ (ಅದನ್ನ ಹತ್ತಿರದ ಸ್ವರಕ್ಕೆ ಕೂರಿಸೋ ಮಾಡ್ಯೂಲ್) ಹೋಗಿ, ಅಲ್ಲಿಂದ ಸ್ಯಾಂಪಲ್ ಅಂಡ್ ಹೋಲ್ಡ್‌ಗೆ ಬರ್ತಿದೆ. ರ‍್ಯಾಕ್‌ನಲ್ಲಿ ಪ್ರತಿ ಕೇಬಲ್‌ಗೂ ಒಂದು ಸ್ಯಾಂಪಲ್ (ಡಿಜಿಟಲ್ ಸದ್ದಿನ ಅತಿ ಚಿಕ್ಕ ತುಣುಕು) ತಡ ಇದೆ. ಈಗ ಕೇಬಲ್ ಎಣಿಸಿ. ಟ್ರಿಗರ್ ದಾರಿಯಲ್ಲಿ ಒಂದು, ಸಿವಿ ದಾರಿಯಲ್ಲಿ ಮೂರು. ಅಂದರೆ ಹೊಸ ಸ್ವರ ತಲುಪೋಕೆ ಎರಡು ಸ್ಯಾಂಪಲ್ ಮುಂಚೆಯೇ ಹೋಲ್ಡ್ ಮುಚ್ಚಿಕೊಳ್ತಿದೆ, ಅಲ್ಲಿ ಆಗ ಇರೋದು ಹಳೇ ಸ್ವರ, ಅದನ್ನೇ ಹಿಡೀತಿದೆ. 48 ಕಿಲೋಹರ್ಟ್ಸ್‌ನಲ್ಲಿ ಎರಡು ಸ್ಯಾಂಪಲ್ ಅಂದರೆ ಸುಮಾರು 42 ಮೈಕ್ರೋಸೆಕೆಂಡ್. ಕಿವಿಗೆ ಅದು ಏನೂ ಅಲ್ಲ, ಆದರೆ ಹೋಲ್ಡ್‌ಗೆ ಅದು ಪೂರ್ತಿ ಒಂದು ಸ್ಟೆಪ್.

ಇಲ್ಲಿ ಒಬ್ಬರು ಸ್ಯಾಂಪಲ್ ರೇಟ್ 96 ಕಿಲೋಹರ್ಟ್ಸ್‌ಗೆ ಏರಿಸಿ ಅಂದಿದ್ದಾರೆ. ಅದರಿಂದ ಆಗಲ್ಲ. ತಡ ಆಗಲೂ ಎರಡು ಸ್ಯಾಂಪಲ್ಲೇ, ಸಮಯದಲ್ಲಿ ಮಾತ್ರ ಅರ್ಧ. ಹೋಲ್ಡ್ ಹಿಡಿಯೋದು ಹಳೇ ಸ್ವರವನ್ನೇ. ಮೇಲಿಂದ ಸಿಪಿಯು ಖರ್ಚು ದುಪ್ಪಟ್ಟು.

ಸರಿಯಾದ ದಾರಿ ಟ್ರಿಗರ್ ಅನ್ನ ತಡ ಮಾಡೋದು. ಕ್ಲಾಕ್ ಮತ್ತು ಹೋಲ್ಡ್ ನಡುವೆ ಒಂದು ಗೇಟ್ ಡಿಲೇ ಹಾಕಿ, 1 ಮಿಲಿಸೆಕೆಂಡ್ ಕೊಡಿ. 48 ಸ್ಯಾಂಪಲ್ ಆಯ್ತು, ಬೇಕಾದಷ್ಟು. ಗೇಟ್ ಡಿಲೇ ಇಲ್ಲದಿದ್ದರೆ ಮಲ್ಟ್ ಮಾಡ್ಯೂಲ್ (ಬಂದ ಸಂಕೇತವನ್ನ ಹಾಗೇ ನಕಲು ಮಾಡಿ ಕೊಡೋದು) ಮೂರು ಸಾಲಾಗಿ ಇಟ್ಟು ಟ್ರಿಗರ್ ಅನ್ನ ಅವುಗಳ ಮೂಲಕ ಕಳಿಸಿ, ಪ್ರತಿ ಮಲ್ಟ್‌ಗೂ ಒಂದು ಸ್ಯಾಂಪಲ್ ಸೇರುತ್ತೆ. ಲೆಕ್ಕಕ್ಕೆ ಎರಡು ಸಾಕು, ಮೂರನೆಯದು ಭದ್ರತೆಗೆ. ಆದರೂ ನಾನು ಹೇಳೋದು 1 ಮಿಲಿಸೆಕೆಂಡನ್ನೇ, ಯಾಕಂದ್ರೆ ಕೆಲವು ಮಾಡ್ಯೂಲ್‌ಗಳು ಸಿಪಿಯು ಉಳಿಸೋಕೆ ಸಿವಿಯನ್ನ ಪ್ರತಿ ಸ್ಯಾಂಪಲ್‌ಗೂ ಓದಲ್ಲ, ಕೆಲವು ಸ್ಯಾಂಪಲ್‌ಗೊಂದು ಸಲ ಓದುತ್ತವೆ. ಅಂಥ ಕ್ವಾಂಟೈಜರ್ ಸಿಕ್ಕರೆ ಮೂರು ಮಲ್ಟ್ ಸಾಲಲ್ಲ.

ಇನ್ನೊಂದು, ಇದನ್ನ ಎಲ್ಲರೂ ಮರೀತಾರೆ. ಹೋಲ್ಡ್‌ಗೆ ಹೋಗೋ ಟ್ರಿಗರ್ ಅನ್ನ ಮಾತ್ರ ತಡ ಮಾಡಿ ಎನ್ವಲಪ್‌ನ (ಪ್ರತಿ ಸ್ವರದ ದನಿ ಏರಿಸಿ ಇಳಿಸೋ ಮಾಡ್ಯೂಲ್) ಗೇಟ್ ಹಾಗೇ ಬಿಟ್ಟರೆ, ಪ್ರತಿ ಸ್ವರದ ಬುಡದಲ್ಲಿ ಹಳೇ ಸ್ವರದ ಚೂರು ಒಂದು 'ಟಿಕ್' ಅಂತ ಕೇಳುತ್ತೆ. ಅಟ್ಯಾಕ್ (ದನಿ ಏರೋಕೆ ಹಿಡಿಯೋ ಸಮಯ) ಸೊನ್ನೆ ಇದ್ದರಂತೂ ಖಂಡಿತ. ಎರಡೂ ಗೇಟುಗಳನ್ನ ಡಿಲೇ ಆದ ಮೇಲಿನ ಜಾಗದಿಂದಲೇ ತೆಗೆಯಿರಿ, ಅಟ್ಯಾಕ್ 2–3 ಮಿಲಿಸೆಕೆಂಡ್ ಇಡಿ.

ರೀಸೆಟ್ ಬಗ್ಗೆಯೂ ಹೇಳಿಬಿಡ್ತೀನಿ. ರೀಸೆಟ್ ಬಂದ ಮೇಲೆ 1 ಮಿಲಿಸೆಕೆಂಡ್ ತನಕ ಬರೋ ಕ್ಲಾಕ್ ಅನ್ನ ಸೀಕ್ವೆನ್ಸರ್ ಲೆಕ್ಕಕ್ಕೆ ತಗೋಬಾರದು ಅನ್ನೋದು ರ‍್ಯಾಕ್‌ನ ವೋಲ್ಟೇಜ್ ನಿಯಮದಲ್ಲೇ ಇದೆ. ಇದನ್ನ ಪಾಲಿಸದ ಮಾಡ್ಯೂಲ್‌ಗಳಲ್ಲಿ ಪ್ಲೇ ಒತ್ತಿದ ಕೂಡಲೇ ಮೊದಲ ಸ್ವರ ಹಾರಿ ಎರಡನೆಯದರಿಂದ ಶುರುವಾಗುತ್ತೆ. ಅದು ಬೇರೆ ರೋಗ, ನಿಮ್ಮದರ ಜೊತೆ ಬೆರೆಸಬೇಡಿ. ಅದಕ್ಕೆ ಸೀಕ್ವೆನ್ಸರ್ ಬದಲಿಸೋದೇ ಮದ್ದು. ಇಂಪ್ರಾಂಪ್ಟು ಮಾಡ್ಯುಲರ್‌ನ ಕ್ಲಾಕ್ಡ್ ಅನ್ನೋ ಕ್ಲಾಕ್ ಜೊತೆ ಅವರದೇ ಸೀಕ್ವೆನ್ಸರ್ ಇಟ್ಟರೆ ತಕರಾರು ಕಡಿಮೆ.

ಹಾಗಾದರೆ ಗ್ರಿಡ್‌ನಲ್ಲಿ ಯಾಕೆ ಸರಿ ಇತ್ತು? ಗ್ರಿಡ್ ಕೇಬಲ್‌ಗೊಂದು ಸ್ಯಾಂಪಲ್ ಅಂತ ತಡ ಇಟ್ಟುಕೊಳ್ಳಲ್ಲ. ಹಿಂದಿನ ಮಾಡ್ಯೂಲ್ ಲೆಕ್ಕ ಮುಗಿಸಿದ ಮೇಲೆ ಮುಂದಿನದು. ಅದಕ್ಕೇ ಅಲ್ಲಿ ಔಟ್‌ಪುಟ್ ಅನ್ನ ಸುಮ್ಮನೆ ಎಳೆದು ತನ್ನದೇ ಇನ್‌ಪುಟ್‌ಗೆ ಚುಚ್ಚೋಕೆ ಬರಲ್ಲ, ನಡುವೆ ಲಾಂಗ್ ಡಿಲೇ ಬೇಕು. ರ‍್ಯಾಕ್‌ನಲ್ಲಿ ಆ ಒಂದು ಸ್ಯಾಂಪಲ್ ತಡ ಇರೋದರಿಂದಲೇ ಯಾವ ಫೀಡ್‌ಬ್ಯಾಕ್ ಬೇಕಾದರೂ ನೇರ ಕಟ್ಟಬಹುದು: ಫಿಲ್ಟರ್ ತನ್ನನ್ನೇ ಮಾಡ್ಯುಲೇಟ್ ಮಾಡೋದು, ಎರಡು ವಿಸಿಒ (ಸ್ವರ ಹುಟ್ಟಿಸೋ ಮಾಡ್ಯೂಲ್) ಒಂದರ ಕಂಪನಾಂಕವನ್ನ ಇನ್ನೊಂದು ಅಲುಗಿಸೋದು (ಎಫ್‌ಎಂ), ಎಲ್ಲ. ನೀವು ದೋಷ ಅಂದಿದ್ದು ಒಂದು ಕಡೆ ಕೊಡುವ, ಇನ್ನೊಂದು ಕಡೆ ಕಿತ್ತುಕೊಳ್ಳುವ ಗುಣ. ಹೋಲಿಕೆ ಮಾಡೋವಾಗ ಇದನ್ನ ನೋಡಬೇಕು. ಲೈಬ್ರರಿಯಲ್ಲಿ ಎಷ್ಟು ಸಾವಿರ ಮಾಡ್ಯೂಲ್ ಇದೆ ಅಂತ ಎಣಿಸೋದನ್ನ ಬಿಡಿ, ಒಂದು ಪ್ಯಾಚ್‌ಗೆ ಇಪ್ಪತ್ತಕ್ಕಿಂತ ಹೆಚ್ಚು ಬೇಕಾಗೋದೇ ಅಪರೂಪ.

ನನ್ನ ಪ್ರಕಾರ ಹೋಲಿಸೋ ಸರಿಯಾದ ವಿಧಾನ ಒಂದೇ: ಒಂದೇ ಚಿಕ್ಕ ಪ್ಯಾಚ್ ಅನ್ನ ಎಲ್ಲದರಲ್ಲೂ ಕಟ್ಟೋದು. ತಂಬೂರಿ ಕಟ್ಟಿ ನೋಡಿ. ನಮ್ಮ ಕಿವಿಗೆ ತಂಬೂರಿ ಗೊತ್ತು, ತಪ್ಪಿದರೆ ತಕ್ಷಣ ತಿಳಿಯುತ್ತೆ. ನಾಲ್ಕು ತಂತಿ: ಪ, ಸ, ಸ, ಮಂದ್ರ ಸ. ರ‍್ಯಾಕ್‌ನಲ್ಲಿ 0 ವೋಲ್ಟ್ ಅಂದರೆ ಸಿ4, 261.63 ಹರ್ಟ್ಸ್, ಒಂದು ಸಪ್ತಕಕ್ಕೆ 1 ವೋಲ್ಟ್. ಸ 0, ಮಂದ್ರ ಸ -1, ಪ -0.415. ಕೀಬೋರ್ಡ್‌ನ ಪ ಹಾಕಿದರೆ -0.4167 ಬರುತ್ತೆ, ಸುಮಾರು 2 ಸೆಂಟ್ (ಸೆಮಿಟೋನ್‌ನ ನೂರರಲ್ಲಿ ಎರಡು ಪಾಲು) ಇಳಿಕೆ. ಇಷ್ಟೇನಾ ಅನ್ನಬೇಡಿ. ಮಂದ್ರ ಸದ ಮೂರನೇ ಹಾರ್ಮೋನಿಕ್ 392.44, ಕೀಬೋರ್ಡ್‌ನ 'ಪ' ಸ್ವರದ ಎರಡನೆಯದು 392.00 ಹರ್ಟ್ಸ್, ಎರಡೂ ಸೇರಿ ಎರಡೂಕಾಲು ಸೆಕೆಂಡಿಗೊಂದು ಸಲ ತೂಗುತ್ತವೆ. ತಂಬೂರಿ ಸುಮ್ಮನೆ ನಿಲ್ಲಬೇಕಾದ ಕಡೆ ತೂಗೋದು ಕೇಳಿದರೆ ಹಾಡೋರಿಗೆ ಕಿರಿಕಿರಿ.

-0.415 ಕೂರಿಸೋದು ಹೇಗೆ? 8ವರ್ಟ್ (ವೋಲ್ಟೇಜನ್ನ ಶೇಕಡ ಲೆಕ್ಕದಲ್ಲಿ ಇಳಿಸಿ ಅಥವಾ ತಿರುವಿ ಕೊಡೋ ಮಾಡ್ಯೂಲ್) ಹಾಕಿ, ಇನ್‌ಪುಟ್ ಖಾಲಿ ಬಿಟ್ಟರೆ ಅದು ತಾನೇ 10 ವೋಲ್ಟ್ ತಗೊಳ್ಳುತ್ತೆ. ನಾಬ್ ಮೇಲೆ ರೈಟ್ ಕ್ಲಿಕ್ ಮಾಡಿ -4.15 ಅಂತ ಟೈಪ್ ಮಾಡಿ. ಮೌಸ್‌ನಲ್ಲಿ ತಿರುಗಿಸಿ ಕೂರಿಸೋಕೆ ಹೋಗಬೇಡಿ, ಕೂರಲ್ಲ. ಸೆಮಿಟೋನ್ ಲೆಕ್ಕ ಕೇಳುವ ಸಾಫ್ಟ್‌ವೇರ್‌ಗಳಲ್ಲಿ ಇದೇ ಪ -4.98.

ನಾಲ್ಕು ವಿಸಿಒ ಇಡಬೇಡಿ. ನಾಲ್ಕು ವೋಲ್ಟೇಜನ್ನೂ ಮರ್ಜ್ ಮಾಡ್ಯೂಲ್‌ಗೆ ಕೊಟ್ಟು ಒಂದೇ ಪಾಲಿಫೋನಿಕ್ ಕೇಬಲ್ ಮಾಡಿ, ಒಂದು ವಿಸಿಒ ಸಾಕು. ಒಂದು ಕೇಬಲ್‌ನಲ್ಲಿ 16 ಚಾನೆಲ್ ತನಕ ಹೋಗುತ್ತೆ. ವಿಸಿವಿಯದೇ ಫಂಡಮೆಂಟಲ್ ಗುಂಪಿನ ವಿಸಿಒ ನಾಲ್ಕು ಚಾನೆಲ್ ಅನ್ನ ಒಂದೇ ಏಟಿಗೆ ಲೆಕ್ಕ ಹಾಕುತ್ತೆ, ನಾಲ್ಕು ತಂತಿಗೆ ಆಗೋ ಖರ್ಚು ಒಂದರ ಖರ್ಚಿನ ಹತ್ತಿರವೇ. ನಿಮ್ಮ ಪ್ಯಾಚ್‌ನಲ್ಲಿ ಒಂದೇ ಥರದ ಏಳು ವಿಸಿಒ ಎಣಿಸಿದೆ. ಲ್ಯಾಪ್‌ಟಾಪ್ ಬಿಸಿಯಾಗದೆ ಇನ್ನೇನಾಗುತ್ತೆ?

ಈಗ ನಿಮ್ಮ ಎರಡನೇ ದೂರು, 'ಕರಕರ ಸದ್ದು'. ಮೊದಲು ಯಾವ ಕರಕರ ಅಂತ ಗುರುತಿಸಿ. ಜೋರಾದಾಗ ಮಾತ್ರ ಬಂದರೆ ಅದು ಕ್ಲಿಪ್ಪಿಂಗ್. ವಿಸಿಒ ಕೊಡೋದು ±5 ವೋಲ್ಟ್, ನಾಲ್ಕು ತಂತಿ ಒಟ್ಟಿಗೆ ಕೂಡಿದರೆ ±20, ಆಡಿಯೋ ಮಾಡ್ಯೂಲ್ ಮಾತ್ರ ±10ಕ್ಕೇ ತುಂಬಿ ಹೋಗುತ್ತೆ. ಸಮ್ ಮಾಡ್ಯೂಲ್‌ನ ಲೆವೆಲ್ ಶೇಕಡ 40ಕ್ಕೆ ಇಳಿಸಿ, ±8ರಲ್ಲಿ ನಿಲ್ಲುತ್ತೆ. ಮೆಲ್ಲಗಿದ್ದಾಗಲೂ ಎಲ್ಲೆಂದರಲ್ಲಿ ಬಂದರೆ ಅದು ಸಿಪಿಯು. ಆಗ ಎಫ್3 ಒತ್ತಿ, ಪ್ರತಿ ಮಾಡ್ಯೂಲ್ ಎಷ್ಟು ತಿಂತಿದೆ ಅಂತ ಅದರ ಮೇಲೇ ಕಾಣುತ್ತೆ, ಹೆಚ್ಚು ತಿನ್ನೋದನ್ನ ಬದಲಿಸಿ. ಬ್ಲಾಕ್ ಸೈಜ್ (ಒಂದು ಸಲಕ್ಕೆ ಕಳಿಸೋ ಸ್ಯಾಂಪಲ್‌ಗಳ ಸಂಖ್ಯೆ) 256ರಿಂದ 512 ಮಾಡಿ, 48 ಕಿಲೋಹರ್ಟ್ಸ್‌ನಲ್ಲಿ ಅದು 5.3ರಿಂದ 10.7 ಮಿಲಿಸೆಕೆಂಡ್ ಆಗುತ್ತೆ, ತಂಬೂರಿಯಂಥ ಶ್ರುತಿಗೆ ಏನೂ ತೊಂದರೆ ಇಲ್ಲ. ಥ್ರೆಡ್ (ಲೆಕ್ಕವನ್ನ ಎಷ್ಟು ಸಿಪಿಯು ಕೋರ್‌ಗೆ ಹಂಚೋದು ಅನ್ನೋ ಸಂಖ್ಯೆ) ಪೂರ್ತಿ ಏರಿಸಬೇಡಿ, ಎಷ್ಟೋ ಲ್ಯಾಪ್‌ಟಾಪ್‌ನಲ್ಲಿ ಅದರಿಂದಲೇ ಕೆಡುತ್ತೆ. 1ರಿಂದ ಶುರು ಮಾಡಿ, ಬೇಕಾದರೆ 2. ವ್ಯೂ ಮೆನುವಿನಲ್ಲಿ ಫ್ರೇಮ್ ರೇಟ್ ಇಳಿಸಿ, ಒಳಗಿನ ಗ್ರಾಫಿಕ್ಸ್ ಇರೋ ಲ್ಯಾಪ್‌ಟಾಪ್‌ಗೆ ಇದು ದೊಡ್ಡ ಉಪಕಾರ. ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿ ಎರಡು ಆಡಿಯೋ ಮಾಡ್ಯೂಲ್ ಎರಡು ಬೇರೆ ಡಿವೈಸ್‌ಗೆ ಹೋಗಿವೆ, ಅವುಗಳ ಕ್ಲಾಕ್ ಬೇರೆ ಬೇರೆ, ಅಲ್ಲಿಂದಲೂ ಕ್ಲಿಕ್ ಬರುತ್ತೆ. ಒಂದನ್ನ ತೆಗೆಯಿರಿ.

96 ಕಿಲೋಹರ್ಟ್ಸ್ ಆಸೆಯನ್ನ ಇನ್ನೂ ಬಿಡದಿದ್ದರೆ ಕೇಳಿ. ಆಡಿಬಲ್ ಇನ್‌ಸ್ಟ್ರುಮೆಂಟ್ಸ್‌ನ ಮ್ಯಾಕ್ರೋ ಆಸಿಲೇಟರ್ 2 ಒಳಗೆ ಓಡೋದೇ 48ರಲ್ಲಿ, ಟೆಕ್ಸ್ಚರ್ ಸಿಂಥಸೈಜರ್ 32ರಲ್ಲಿ. ಹೊರಗೆ ಎಷ್ಟು ಏರಿಸಿದರೂ ಅವುಗಳ ದನಿ ಬದಲಾಗಲ್ಲ. ಇವು ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಹಾರ್ಡ್‌ವೇರ್ ಕೋಡನ್ನೇ ಸಾಫ್ಟ್‌ವೇರ್‌ಗೆ ತಂದದ್ದು. ಏಳು ವಿಸಿಒ ಪೇರಿಸೋ ಬದಲು ಮ್ಯಾಕ್ರೋ ಆಸಿಲೇಟರ್ 2 ಒಂದನ್ನ ಸರಿಯಾಗಿ ಕಲಿಯಿರಿ. ರಿವರ್ಬ್‌ಗೆ (ದೊಡ್ಡ ಕೋಣೆಯ ಅನುರಣನ) ವ್ಯಾಲಿಯ ಪ್ಲಾಟೋ, ಉಚಿತದಲ್ಲಿ ಅದಕ್ಕಿಂತ ಒಳ್ಳೇದನ್ನ ಹುಡುಕೋ ಅಗತ್ಯ ಇಲ್ಲ. ಮಿಕ್ಕ ಸಣ್ಣಪುಟ್ಟ ಕೆಲಸಕ್ಕೆ ಬೋಗಾಡಿಯೋ ಮಾಡ್ಯೂಲ್‌ಗಳು, ಹಗುರ.

ಯಾವುದು ಕೊಳ್ಳಲಿ ಅಂತ ಕೇಳಿದ್ದಿರಿ. ರ‍್ಯಾಕ್ ಉಚಿತ ಆವೃತ್ತಿ ಒಂಟಿಯಾಗಿ ಮಾತ್ರ ಓಡುತ್ತೆ, ರೀಪರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್ ಒಳಗೆ ಪ್ಲಗಿನ್ ಆಗಿ ಬೇಕಾದರೆ 149 ಡಾಲರ್‌ನ ಪ್ರೊ. ಆದರೆ ಆತುರ ಬೇಡ, ಮೊದಲು ಕಾರ್ಡಿನಲ್ ನೋಡಿ. ರ‍್ಯಾಕ್‌ನ ಇಂಜಿನ್ನೇ, ಓಪನ್ ಸೋರ್ಸ್, ಪ್ಲಗಿನ್ ಆಗಿಯೇ ಬರುತ್ತೆ. ವಾದ್ಯದ ಟ್ರ್ಯಾಕ್‌ಗೆ ಸಿಂಥ್, ಎಫೆಕ್ಟ್‌ಗೆ ಎಫ್‌ಎಕ್ಸ್ ಆವೃತ್ತಿ ಹಾಕಿ, ಅದಲುಬದಲು ಮಾಡಿ ಸದ್ದೇ ಬರ್ತಿಲ್ಲ ಅನ್ನಬೇಡಿ. ಅದರ ಕೊರತೆ ಒಂದೇ, ಹೊರಗಿನ ಮಾಡ್ಯೂಲ್ ಸೇರಿಸೋಕೆ ಬರಲ್ಲ, ಒಳಗಿರೋದಷ್ಟೇ. ರ‍್ಯಾಕ್‌ನ ಪ್ಯಾಚ್ ತೆರೆದರೆ ದುಡ್ಡು ಕೊಟ್ಟ ಮಾಡ್ಯೂಲ್ ಇದ್ದ ಜಾಗ ಖಾಲಿ. ಎರಡರಲ್ಲೂ ಓಡಬೇಕಾದ ಪ್ಯಾಚ್ ಅನ್ನ ಕಾರ್ಡಿನಲ್‌ನಲ್ಲಿರೋ ಮಾಡ್ಯೂಲ್‌ಗಳಿಂದಲೇ ಕಟ್ಟಿ.

ಗ್ರಿಡ್ ಬೇಕಾದರೆ ಪೂರ್ತಿ ಬಿಟ್‌ವಿಗ್ ಸ್ಟುಡಿಯೋ ಬೇಕು. ಸಿಗ್ನಲ್ ಎಲ್ಲ ಸ್ಟೀರಿಯೋ, ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ (ಒಳಗೆ ನಾಲ್ಕು ಪಟ್ಟು ಸ್ಯಾಂಪಲ್ ರೇಟ್‌ನಲ್ಲಿ ಲೆಕ್ಕ), ಹಾಗಾಗಿ ಜೋರು ಎಫ್‌ಎಂ ಕೊಟ್ಟರೂ ರ‍್ಯಾಕ್‌ಗಿಂತ ಸ್ವಚ್ಛ. ಹಾಡು ಮುಗಿಸೋದು ನಿಮ್ಮ ಗುರಿಯಾದರೆ ಇದೇ ಸರಿ. ಇಂಥದೇ ಬೇರೆ ಸಾಫ್ಟ್‌ವೇರ್‌ಗಳಲ್ಲಿ ರಿಯಾಕ್ಟರ್ ಬ್ಲಾಕ್ಸ್‌ನ ಫಿಲ್ಟರ್ ದನಿ ನನಗೆ ಇವತ್ತಿಗೂ ಬಹಳ ಇಷ್ಟ, ಆದರೆ ಹೊಸದಾಗಿ ಶುರು ಮಾಡೋರಿಗೆ ಹೇಳಲ್ಲ. ಸಾಫ್ಟ್‌ಟ್ಯೂಬ್ ಮಾಡ್ಯುಲರ್ ಡೋಪ್ಫರ್ ಹಾರ್ಡ್‌ವೇರ್‌ನ ದನಿಯೇ ಬೇಕು ಅನ್ನೋರಿಗೆ. ವೋಲ್ಟೇಜ್ ಮಾಡ್ಯುಲರ್‌ನ ನ್ಯೂಕ್ಲಿಯಸ್ ಉಚಿತ, ಕೇಬಲ್ ಎಳೆಯೋ ಅಭ್ಯಾಸಕ್ಕೆ ಚೆನ್ನಾಗಿದೆ.

ಗಮಕ ತರೋಕೆ ಆಗ್ತಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತೆ ಅಂತ ಇನ್ನೊಬ್ಬರು ಕೆಳಗೆ ಬರೆದಿದ್ದಾರೆ. ನಿಮ್ಮ ಸ್ಲ್ಯೂ ಲಿಮಿಟರ್ (ವೋಲ್ಟೇಜನ್ನ ಜಿಗಿಯದೆ ಜಾರುವಂತೆ ಮಾಡೋ ಮಾಡ್ಯೂಲ್) ಕ್ವಾಂಟೈಜರ್‌ಗಿಂತ ಮುಂಚೆ ಇದೆ. ಜಾರೋ ವೋಲ್ಟೇಜನ್ನ ಕ್ವಾಂಟೈಜರ್ ಮತ್ತೆ ಮೆಟ್ಟಿಲು ಮಾಡ್ತಿದೆ. ಅದನ್ನ ಕ್ವಾಂಟೈಜರ್ ಆದ ಮೇಲೆ ಇಡಿ, ವಿಸಿಒಗೆ ಹತ್ತಿರ. ಕಂಪಿತಕ್ಕೆ ಎಲ್‌ಎಫ್‌ಒ (ನಿಧಾನವಾಗಿ ತೂಗೋ ವೋಲ್ಟೇಜ್ ಕೊಡೋ ಮಾಡ್ಯೂಲ್) ಹಾಕೋದಾದರೆ ಅದನ್ನೂ ಕ್ವಾಂಟೈಜರ್ ಆದ ಮೇಲೆಯೇ ಕೂಡಿಸಬೇಕು, ಅಟೆನ್ಯುವೇಟರ್ (ವೋಲ್ಟೇಜ್ ಇಳಿಸೋ ನಾಬ್) ಕಣ್ಣಂದಾಜಿನಲ್ಲಿ ಇಡಬೇಡಿ. ಎಲ್‌ಎಫ್‌ಒ ±5 ವೋಲ್ಟ್, ಒಂದು ಸೆಮಿಟೋನ್ 0.083 ವೋಲ್ಟ್. 10 ಶೇಕಡ ಇಟ್ಟರೆ ಸ್ವರ ಮೇಲೆ ಆರು, ಕೆಳಗೆ ಆರು ಸೆಮಿಟೋನ್ ಓಡಾಡುತ್ತೆ. ಒಂದು ಸೆಮಿಟೋನ್ ಬೇಕಾದರೆ 1.67 ಅಂತ ಟೈಪ್ ಮಾಡಿ.

ಮೊದಲನೆಯವರು ಗೇಟ್ ಡಿಲೇ ಹಾಕಿ, ಸೀಕ್ವೆನ್ಸ್ ಮೊದಲಿದ್ದ ಜಾಗಕ್ಕೆ ಸರಿಸಿ, ಸ್ಟೆಪ್ ಏಳಕ್ಕೆ ಇಳಿಸಿ ಒಮ್ಮೆ ನುಡಿಸಿ ನೋಡಿ. ಆಗಲೂ ಹಿಂದೆ ಬಿದ್ದರೆ ಪ್ಯಾಚ್ ಫೈಲ್ ಅನ್ನೇ ಇಲ್ಲಿ ಹಾಕಿ, ಸ್ಕ್ರೀನ್‌ಶಾಟ್ ಬೇಡ, ಕೇಬಲ್‌ಗಳು ಒಂದರ ಮೇಲೊಂದು ಬಿದ್ದು ಎಣಿಸೋಕೆ ಆಗಲ್ಲ.