ಕವರಿಂಗ್ ಲೆಟರ್‌ನಲ್ಲಿ ಏನು ಬರೆಯಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಮೇಲೆ ಇದ್ದವು. ಬಯೋಡೇಟಾ ಜೊತೆ ಇಡುವ ಪತ್ರದಲ್ಲಿ ಏನು ಬರೆಯಬೇಕು ಅಂತ. ತುಮಕೂರಿನ ಒಂದು ಕಾರ್ಖಾನೆಯ ಕಚೇರಿಯಲ್ಲಿ ಹನ್ನೊಂದು ವರ್ಷ ಅರ್ಜಿಗಳನ್ನು ಬಿಡಿಸಿ, ಓದಿ, ಮೇಲಿನವರ ಟೇಬಲ್‌ಗೆ ಕಳಿಸುತ್ತಿದ್ದವಳು ನಾನು. ಆ ಕಡೆಯ ಕುರ್ಚಿಯಲ್ಲಿ ಕೂತವರ ಕಣ್ಣಿಗೆ ಏನು ಬೀಳುತ್ತದೆ ಅಂತ ಗೊತ್ತು. ಅದನ್ನೇ ಹೇಳುತ್ತೇನೆ.

ಪ್ರಶ್ನೆ: ನಾನು ಐಟಿಐ ಫಿಟ್ಟರ್. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಒಂದು ವರ್ಷ ಅಪ್ರೆಂಟಿಸ್ ಆಗಿದ್ದೆ. ಐದು ತಿಂಗಳಿಂದ ಸುಮಾರು ನಲವತ್ತು ಕಡೆ ಅರ್ಜಿ ಹಾಕಿದ್ದೀನಿ. ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಕವರಿಂಗ್ ಲೆಟರ್ ಕೂಡ ಇಟ್ಟಿದ್ದೆ, ಅದರ ಪ್ರತಿ ಇದರ ಜೊತೆ ಇದೆ. ಒಬ್ಬರೂ ಕರೆದಿಲ್ಲ. ಈ ಲೆಟರ್ ನಿಜವಾಗ್ಲೂ ಬೇಕಾ ಮೇಡಂ?
– ಓದುಗ, ಗುಬ್ಬಿ ತಾಲ್ಲೂಕು

ಉತ್ತರ: ನಿಮ್ಮ ಲೆಟರ್ ಎರಡು ಸಲ ಓದಿದೆ. ಅದರಲ್ಲಿ ನೀವು ಎಲ್ಲೂ ಇಲ್ಲ. ಕಷ್ಟಪಟ್ಟು ದುಡಿಯುತ್ತೇನೆ, ಬೇಗ ಕಲಿಯುತ್ತೇನೆ, ಸಂಸ್ಥೆಯ ಏಳಿಗೆಗೆ ಶ್ರಮಿಸುತ್ತೇನೆ, ಒಂದು ಅವಕಾಶ ಕೊಡಿ. ಅಂಗಡಿಯವರು ನಿಮ್ಮ ಹಿಂದೆ ನಿಂತಿದ್ದ ಹುಡುಗನಿಗೂ ಇದನ್ನೇ ಹೆಸರು ಬದಲಾಯಿಸಿ ಕೊಟ್ಟಿರುತ್ತಾರೆ. ಒಂದೇ ಬೆಳಿಗ್ಗೆ ಒಂದೇ ಲೆಟರ್ ನಾಲ್ಕು ಹೆಸರಿನಲ್ಲಿ ನನ್ನ ಟೇಬಲ್‌ಗೆ ಬಂದಿದ್ದುಂಟು. ಅದರಲ್ಲಿ ಒಂದರಲ್ಲಿ ಬೇರೆ ಕಂಪನಿಯ ಹೆಸರು ಹಾಗೇ ಉಳಿದಿತ್ತು.

ಆದರೆ ನನಗೆ ಬರೆದ ಪತ್ರದ ಕೊನೆಯಲ್ಲಿ, ಪೆನ್ನಿನಲ್ಲಿ, ಸುಮ್ನೆ ಒಂದು ಮಾತು ಸೇರಿಸಿದ್ದೀರಲ್ಲ, ಅಪ್ರೆಂಟಿಸ್ ಇದ್ದಾಗ ಒಂದು ಮೋಟಾರಿನ ಬೇರಿಂಗ್ ತಿಂಗಳಿಗೊಮ್ಮೆ ಹೋಗುತ್ತಿತ್ತು, ಎಲ್ಲರೂ ಹೊಸದು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು, ನೀವು ದಾರ ಹಿಡಿದು ನೋಡಿದಾಗ ಪುಲ್ಲಿ ಸಾಲು ತಪ್ಪಿತ್ತು ಅಂತ. ಅದೇ ನಿಮ್ಮ ಕವರಿಂಗ್ ಲೆಟರ್! ಅದನ್ನು ಹೊರಗಿಟ್ಟು ಅಂಗಡಿಯವರ ಸಾಲುಗಳನ್ನು ನಲವತ್ತು ಕಡೆ ಕಳಿಸಿದ್ದೀರಿ. ಹೀಗೆ ಬರೆದು ನೋಡಿ:

"ನಿಮ್ಮಲ್ಲಿ ಮೆಂಟೆನೆನ್ಸ್ ಫಿಟ್ಟರ್ ಬೇಕು ಅನ್ನುವ ಜಾಹೀರಾತು ನೋಡಿದೆ. ನಾನು ಐಟಿಐ ಫಿಟ್ಟರ್. ಒಂದು ವರ್ಷ ಅಪ್ರೆಂಟಿಸ್ ಆಗಿ ಕನ್ವೇಯರ್ ಲೈನ್ ನೋಡಿಕೊಂಡಿದ್ದೇನೆ. ಅಲ್ಲಿ ಒಂದು ಮೋಟಾರಿನ ಬೇರಿಂಗ್ ತಿಂಗಳಿಗೊಮ್ಮೆ ಹೋಗುತ್ತಿತ್ತು. ದಾರ ಹಿಡಿದು ನೋಡಿದಾಗ ಎರಡು ಪುಲ್ಲಿ ಒಂದೇ ಸಾಲಿನಲ್ಲಿ ಇರಲಿಲ್ಲ. ಸೂಪರ್‌ವೈಸರ್‌ಗೆ ತೋರಿಸಿದೆ. ಮೋಟಾರಿನ ಕೆಳಗೆ ಶಿಮ್ ಕೊಟ್ಟು ಸರಿ ಮಾಡಿದೆವು. ಆಮೇಲೆ ನಾನಿದ್ದ ಐದು ತಿಂಗಳಲ್ಲಿ ಆ ಬೇರಿಂಗ್ ಬದಲಾಯಿಸಲಿಲ್ಲ. ವರ್ನಿಯರ್, ಮೈಕ್ರೋಮೀಟರ್‌ನಲ್ಲಿ ಅಳತೆ ನೋಡಲು ಬರುತ್ತದೆ. ಸ್ವಂತ ಬೈಕ್ ಇದೆ, ಮೂರೂ ಶಿಫ್ಟ್‌ಗೆ ಬರುತ್ತೇನೆ."

ಇಷ್ಟು ಸಾಕು. ಅಲ್ಲಿ ಕೂತವರಿಗೆ ದಿನಾ ಲೈನ್ ನಿಲ್ಲುವುದೇ ತಲೆನೋವು, ನಿಮ್ಮ ಲೆಟರ್ ಓದಿದಾಗ ಈ ಹುಡುಗ ಬಂದರೆ ಒಂದು ತಲೆನೋವು ಕಮ್ಮಿಯಾಗುತ್ತದೆ ಅಂತ ಅನ್ನಿಸಿದರೆ ಫೋನ್ ಮಾಡುತ್ತಾರೆ. ಮೊದಲ ಸಾಲು ಮಾತ್ರ ಪ್ರತಿ ಕಂಪನಿಗೂ ಬೇರೆ ಇರಲಿ. ಅವರು ಯಾವ ಕೆಲಸಕ್ಕೆ ಕರೆದಿದ್ದಾರೋ ಅದರ ಹೆಸರು ಅಲ್ಲಿ ಬರಬೇಕು. ಸಣ್ಣ ಕಾರ್ಖಾನೆಗಳಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೀರಿ ಅಲ್ವಾ, ಅಲ್ಲಿ ಬರೀ ಪಿಡಿಎಫ್ ಹಾಕಿ ಸುಮ್ಮನಾಗಬೇಡಿ. ಇದರಲ್ಲಿ ನಾಲ್ಕು ಸಾಲು ಮೆಸೇಜ್‌ನಲ್ಲೇ ಹಾಕಿ. ಫೈಲ್‌ಗೆ ನಿಮ್ಮ ಹೆಸರು, ಟ್ರೇಡ್ ಹೆಸರು ಕೊಡಿ. 'ನ್ಯೂ ಡಾಕ್ಯುಮೆಂಟ್' ಅಂತ ಬಂದ ಫೈಲ್ ಮತ್ತೆ ಹುಡುಕಿದರೆ ಸಿಗುವುದಿಲ್ಲ.

ಗುಬ್ಬಿ ತಾಲ್ಲೂಕಿನವರು ಅಂದಮೇಲೆ ಬಿದರೆಹಳ್ಳ ಕಾವಲ್‌ನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಮೇಲೂ ಕಣ್ಣಿರುತ್ತದೆ. 2023ರ ಫೆಬ್ರವರಿಯಲ್ಲಿ ಅದರ ಉದ್ಘಾಟನೆ ಆದಾಗಿನಿಂದ ಆ ಪ್ರಶ್ನೆ ನನಗೆ ಬರುತ್ತಲೇ ಇದೆ. ಅಂಥ ಸಾರ್ವಜನಿಕ ವಲಯದ ಸಂಸ್ಥೆಗಳ ನೇಮಕಾತಿಗೆ, ಕೆಪಿಎಸ್‌ಸಿ, ಕೆಇಎ ಅರ್ಜಿಗಳಿಗೆ ಕವರಿಂಗ್ ಲೆಟರ್ ಉಪಯೋಗಕ್ಕೆ ಬರುವುದಿಲ್ಲ. ಅಧಿಸೂಚನೆ ಪೂರ್ತಿ ಓದಿ, ಕೇಳಿದ್ದನ್ನು ಕೇಳಿದ ಜಾಗದಲ್ಲೇ ತುಂಬಿ.

ಪ್ರಶ್ನೆ: ಬಿ.ಕಾಂ ಮುಗಿದ ವರ್ಷವೇ ಮದುವೆ ಆಯಿತು. ಏಳು ವರ್ಷದಿಂದ ಮನೆಯಲ್ಲೇ ಇದ್ದೇನೆ, ಇಬ್ಬರು ಮಕ್ಕಳು. ಮಾವನವರ ರೇಷ್ಮೆ ನೂಲು ಬಿಚ್ಚಾಣಿಕೆ ಘಟಕದ ಲೆಕ್ಕ ನೋಡಿಕೊಳ್ಳುತ್ತೇನೆ ಅಷ್ಟೇ. ಈಗ ಚಿಕ್ಕಬಳ್ಳಾಪುರದಲ್ಲಿ ಅಕೌಂಟೆಂಟ್ ಕೆಲಸಕ್ಕೆ ಅರ್ಜಿ ಹಾಕಬೇಕು ಅಂತಿದ್ದೇನೆ. ಏಳು ವರ್ಷದ ಗ್ಯಾಪ್‌ಗೆ ಏನು ಕಾರಣ ಕೊಡಲಿ ಅಕ್ಕಾ?
– ಓದುಗರು, ಶಿಡ್ಲಘಟ್ಟ

ಉತ್ತರ: ಆ 'ಅಷ್ಟೇ' ಅನ್ನುವ ಪದ ಓದಿ ಸಂಕಟ ಆಯಿತು. ನೀವು ಏಳು ವರ್ಷ ಮಾಡಿದ್ದು ಏನು ಅಂತ ಕೂತು ಲೆಕ್ಕ ಹಾಕೋಣ ಬನ್ನಿ. ಬೆಳಿಗ್ಗೆ ಗೂಡಿನ ಮಾರುಕಟ್ಟೆಯಲ್ಲಿ ಮಾವನವರು ಲಾಟ್ ಹಿಡಿದು ಬರುತ್ತಾರೆ, ದರ ದಿನಾ ಬೇರೆ, ಒಂದೊಂದು ಲಾಟ್‌ಗೂ ಬೇರೆ. ಯಾವ ಲಾಟ್ ಎಷ್ಟು ಕಿಲೋ, ಎಷ್ಟಕ್ಕೆ ಬಂತು ಅಂತ ಬರೆಯುವವರು ನೀವು. ಕೆಲಸದವರ ಬಟವಾಡೆ, ಅವರಿಗೆ ಕೊಟ್ಟ ಅಡ್ವಾನ್ಸ್, ಸೌದೆ, ಕರೆಂಟ್ ಬಿಲ್, ನೂಲು ಮಾರಿದ ದುಡ್ಡು, ಬಾಕಿ, ಎಲ್ಲ ನಿಮ್ಮ ಪುಸ್ತಕದಲ್ಲೇ ಇರಬೇಕು. ಜೊತೆಗೆ ರೆಂಡಿಟ್ಟ. ಬೇರೆ ಊರಿನ ಓದುಗರಿಗೆ ಹೇಳುತ್ತೇನೆ, ಒಂದು ಕಿಲೋ ರೇಷ್ಮೆ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕಾಯಿತು ಅನ್ನುವ ಲೆಕ್ಕ ಅದು. ಗೂಡಿನ ದರ ಕಿಲೋಗೆ 500 ರೂಪಾಯಿ ಅಂತಿಟ್ಟುಕೊಳ್ಳಿ, ಏಳು ಕಿಲೋದಲ್ಲಿ ಮುಗಿಯಬೇಕಾದದ್ದು ಎಂಟು ಕಿಲೋ ತಿಂದರೆ, ಪ್ರತಿ ಕಿಲೋ ನೂಲಿನ ಮೇಲೆ 500 ರೂಪಾಯಿ ಕೈಬಿಟ್ಟಂತೆ. ಬಿ.ಕಾಂ ಪುಸ್ತಕದಲ್ಲಿ ಇದಕ್ಕೆ ಕಾಸ್ಟಿಂಗ್ ಅನ್ನುತ್ತಾರೆ. ನೀವು ಓದಿದ್ದನ್ನು ಏಳು ವರ್ಷ ದಿನಾ ಮಾಡಿದ್ದೀರಿ.

ಹಾಗಾಗಿ ಕಾರಣ ಕೊಡಬೇಡಿ, ಕೆಲಸ ಹೇಳಿ. "ಏಳು ವರ್ಷದಿಂದ ನಮ್ಮ ಕುಟುಂಬದ ನೂಲು ಬಿಚ್ಚಾಣಿಕೆ ಘಟಕದ ಲೆಕ್ಕ ಪೂರ್ತಿ ನಾನೇ ಬರೆಯುತ್ತಿದ್ದೇನೆ. ದಿನದ ಗೂಡು ಖರೀದಿ, ಕೆಲಸದವರ ವಾರದ ಬಟವಾಡೆ, ನೂಲಿನ ಮಾರಾಟ, ಬ್ಯಾಂಕ್ ವ್ಯವಹಾರ ಎಲ್ಲ ಇದರಲ್ಲಿ ಸೇರಿದೆ. ಪ್ರತಿ ಲಾಟ್‌ನ ರೆಂಡಿಟ್ಟ ತೆಗೆದು ಯಾವುದರಲ್ಲಿ ಲಾಭ, ಯಾವುದರಲ್ಲಿ ನಷ್ಟ ಅಂತ ಬೇರೆ ಮಾಡಿ ಇಡುತ್ತೇನೆ." ಎಷ್ಟು ಜನ ಕೆಲಸದವರು, ತಿಂಗಳಿಗೆ ಸುಮಾರು ಎಷ್ಟು ವಹಿವಾಟು ಅನ್ನುವುದನ್ನು ಅಂಕಿಯಲ್ಲಿ ಹಾಕಿ, ಮನೆಯವರನ್ನು ಒಂದು ಮಾತು ಕೇಳಿಕೊಂಡು. ಟ್ಯಾಲಿ ಬರದಿದ್ದರೆ ಬರುತ್ತದೆ ಅಂತ ಬರೆಯಬೇಡಿ. ಕೈಬರಹದ ಪುಸ್ತಕದಲ್ಲಿ ಬರೆದಿದ್ದೇನೆ, ಈಗ ಟ್ಯಾಲಿ ಕಲಿಯುತ್ತಿದ್ದೇನೆ ಅಂತ ಬರೆದು, ನಿಜವಾಗಿ ಕ್ಲಾಸಿಗೆ ಸೇರಿ. ವಿಚಾರಿಸಲು ಯಾರದಾದರೂ ಹೆಸರು ಕೇಳಿದರೆ ಮಾವನವರದ್ದು ಬೇಡ, ನಿಮ್ಮ ಲೆಕ್ಕ ನೋಡುವ ಆಡಿಟರ್‌ದು ಕೊಡಿ, ಅವರ ಒಪ್ಪಿಗೆ ತೆಗೆದುಕೊಂಡು. ಮಕ್ಕಳ ವಿಷಯ ಲೆಟರ್‌ನಲ್ಲಿ ಬೇಕಾಗಿಲ್ಲ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಕಚೇರಿಯಲ್ಲಿದ್ದಾಗ ಸ್ಟೋರ್ಸ್ ಕೆಲಸಕ್ಕೆ ಒಬ್ಬ ಹೆಂಗಸಿನ ಅರ್ಜಿ ಬಂದಿತ್ತು. ಅನುಭವ ಅನ್ನುವ ಕಡೆ 'ಗೃಹಿಣಿ' ಅಂತ ಇತ್ತು, ಲೆಟರ್‌ನಲ್ಲಿ ಮನೆಯ ಕಷ್ಟ ಬರೆದಿದ್ದರು. ಪಕ್ಕಕ್ಕಿಟ್ಟೆ. ಎರಡು ತಿಂಗಳಾದ ಮೇಲೆ ಅವರ ಊರಿನವರೇ ಒಬ್ಬರು ಹೇಳಿದರು, ಆಕೆ ಹಳ್ಳಿಯ ಹಾಲಿನ ಡೇರಿಯಲ್ಲಿ ಆರು ವರ್ಷ ಕಾರ್ಯದರ್ಶಿ ಆಗಿದ್ದರಂತೆ. ಎರಡು ಹೊತ್ತು ಹಾಲು ಅಳೆದು, ಫ್ಯಾಟ್ ನೋಡಿ, ನೂರಾರು ಜನರ ಪಾಸ್‌ಬುಕ್ ಬರೆದು ಬಿಲ್ ಬಟವಾಡೆ ಮಾಡಿದವರು. ಸ್ಟೋರ್ಸ್‌ಗೆ ಅದಕ್ಕಿಂತ ಒಳ್ಳೆ ಅನುಭವ ಇನ್ನೇನು ಬೇಕಿತ್ತು? ಅಷ್ಟರಲ್ಲಿ ಆ ಜಾಗ ತುಂಬಿಹೋಗಿತ್ತು. ಆ ಅರ್ಜಿ ಇವತ್ತಿಗೂ ನನ್ನ ಕಣ್ಮುಂದೆ ಬರುತ್ತದೆ.

ಪ್ರಶ್ನೆ: ಎಂ.ಎ. ಕನ್ನಡ, ಕೆ-ಸೆಟ್ ಆಗಿದೆ. ಮೂರು ವರ್ಷದಿಂದ ಊರಿನಲ್ಲಿ ಪದವಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಹೆಚ್ಚಿನವರ ಮನೆಮಾತು ತೆಲುಗು, ಹಳಗನ್ನಡ ಅಂದರೆ ಹೆದರುತ್ತಾರೆ. ಕೋಲಾರದ ಖಾಸಗಿ ಕಾಲೇಜಿಗೆ ಅರ್ಜಿ ಹಾಕಬೇಕು. ಲೆಟರ್ ಕನ್ನಡದಲ್ಲೇ ಬರೆಯಬಹುದೇ? ಶಾಲೆಯಲ್ಲಿ ಕಲಿತ 'ಇಂದ, ಗೆ, ವಿಷಯ' ನಮೂನೆ ಸಾಕೇ?
– ಓದುಗ, ಮುಳಬಾಗಿಲು

ಉತ್ತರ: ಕನ್ನಡ ಪಾಠ ಮಾಡುವವರು ಕನ್ನಡದಲ್ಲೇ ಬರೆಯಬೇಕು. ಆ ಲೆಟರೇ ನಿಮ್ಮ ಮೊದಲ ಪಾಠ ಇದ್ದ ಹಾಗೆ. ಇಂದ, ಗೆ, ವಿಷಯ ಇರಲಿ, ಒಳ್ಳೆಯ ಕಟ್ಟು ಅದು. ಆದರೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಮ್ರವಾಗಿ ಕೇಳಿಕೊಳ್ಳುವುದೇನೆಂದರೆ" ಅಂತ ಶುರು ಮಾಡಿದರೆ ಓದುವವರ ಕಣ್ಣು ನೇರ ಕೆಳಗೆ ಜಾರುತ್ತದೆ. ಅದನ್ನು ತೆಗೆದು ಹಳಗನ್ನಡದ ಮಾತಿನಿಂದಲೇ ಶುರು ಮಾಡಿ. ತೆಲುಗು ಮನೆಮಾತಿನ ಮಕ್ಕಳಿಗೆ ನೀವು ಹೇಗೆ ಕಲಿಸಿದಿರಿ? 'ಪುಲಿ' ಅಂದರೆ ಹುಲಿ ಅಂತ ಆ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ತೆಲುಗಿನಲ್ಲೂ ಪುಲಿಯೇ. ಹಳಗನ್ನಡದ 'ಪಾಲ್' (ಹಾಲು) ಅವರ ಮನೆಯ 'ಪಾಲು', 'ಪಾವು' (ಹಾವು) ಅವರ 'ಪಾಮು'. ಹೊಸಗನ್ನಡದಲ್ಲಿ ಪಕಾರ ಹಕಾರ ಆಗಿ ದೂರ ಹೋಯಿತು, ತೆಲುಗಿನಲ್ಲಿ ಉಳಿಯಿತು. ಮನೆಯ ಮಾತಿನಿಂದಲೇ ಹಳಗನ್ನಡದ ಬಾಗಿಲು ತೆಗೆಯಬಹುದು ಅನ್ನುವುದನ್ನು ನೀವು ತರಗತಿಯಲ್ಲಿ ಮಾಡಿದ್ದರೆ, ಒಂದೇ ಒಂದು ದಿನದ ಪಾಠವನ್ನು ಐದಾರು ಸಾಲಿನಲ್ಲಿ ಬರೆಯಿರಿ. ಗಡಿ ತಾಲ್ಲೂಕಿನ ಮಕ್ಕಳನ್ನು ದಿನಾ ನೋಡುವ ಪ್ರಾಂಶುಪಾಲರಿಗೆ ಅದು ತಕ್ಷಣ ತಟ್ಟುತ್ತದೆ.

ಇನ್ನೊಂದು. ಆ ಕಾಲೇಜು ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದ್ದಾದರೆ ಅದರ ಕನ್ನಡ ಪಠ್ಯ ತೆಗೆದು ನೋಡಿ, ಅದರಲ್ಲಿ ನೀವು ಪಾಠ ಮಾಡಿರುವುದು ಯಾವುದಿದೆಯೋ ಅದರ ಹೆಸರು ಹಾಕಿ. ಒಂದು ಪುಟ ದಾಟಬೇಡಿ. ಕಾಗುಣಿತ ಮಾತ್ರ ಇಬ್ಬರಿಗೆ ತೋರಿಸಿ. ಅಕಾರ ಹಕಾರ ತಪ್ಪಿದರೆ ಬೇರೆ ವಿಷಯದವರಿಗೆ ಕ್ಷಮೆ ಸಿಗಬಹುದು, ನಿಮಗೆ ಸಿಗುವುದಿಲ್ಲ.

ಪ್ರಶ್ನೆ: ಮಗನ ಇಂಜಿನಿಯರಿಂಗ್‌ಗೆ ಒಂದು ಟ್ರಸ್ಟ್‌ನ ವಿದ್ಯಾರ್ಥಿವೇತನ ಕೇಳುತ್ತಿದ್ದೇವೆ. ಜೊತೆಗೆ ಪತ್ರ ಇಡಬೇಕಂತೆ. ತುಂಬಾ ಬಡವರು ಅಂತ ಬರೆಯಬೇಕಾ? ಬರೆಯೋಕೆ ಅವನಿಗೆ ನಾಚಿಕೆ.
– ತಾಯಿ, ತಿಪಟೂರು

ಉತ್ತರ: ಬಡವರು ಅನ್ನುವ ಪದವೇ ಬೇಡ ಅಮ್ಮಾ. ತೆಂಗಿನ ತೋಟ ಇದ್ದರೆ ಎಷ್ಟು ಮರ ಇದೆ, ವರ್ಷಕ್ಕೆ ಎಷ್ಟು ಕಾಯಿ ಇಳಿಯುತ್ತದೆ, ಕಾಲೇಜು ಫೀಸು ಎಷ್ಟು, ನಿಮ್ಮಿಂದ ಎಷ್ಟು ಆಗುತ್ತದೆ, ಎಷ್ಟು ಕಮ್ಮಿ ಬೀಳುತ್ತದೆ ಅಂತ ಅಂಕಿಯಲ್ಲಿ ಬರೆಸಿ. ನಿಮ್ಮ ಕಡೆಯವರಿಗೆ ಗೊತ್ತಿದ್ದು ಟ್ರಸ್ಟ್‌ನವರಿಗೆ ಗೊತ್ತಿರದ ಒಂದು ವಿಷಯ ಇದೆ: ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಹತ್ತಿರ ಹತ್ತಿರ ಒಂದು ವರ್ಷ ಅಟ್ಟದ ಮೇಲೆ ಇರಬೇಕು. ದುಡ್ಡು ಕೈಗೆ ಬರುವುದು ಆಮೇಲೆ. ಫೀಸು ಕಟ್ಟುವ ತಿಂಗಳಿಗೂ ಕೊಬ್ಬರಿ ಮಾರುವ ತಿಂಗಳಿಗೂ ತಾಳೆ ಆಗದಿದ್ದರೆ ಅದನ್ನು ಹಾಗೇ ಬರೆಯಲಿ. ಇದು ಲೆಕ್ಕ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ ಅಂತ ಮಗನಿಗೆ ಹೇಳಿ. ಉಳಿದ ಅರ್ಧ ಪುಟದಲ್ಲಿ ಅವನು ಏನು ಓದುತ್ತಿದ್ದಾನೆ, ಯಾಕೆ ಅದನ್ನೇ ಹಿಡಿದ ಅಂತ ಅವನ ಮಾತಿನಲ್ಲೇ ಇರಲಿ. ಆದಾಯ ಪ್ರಮಾಣಪತ್ರದಲ್ಲಿರುವ ಅಂಕಿಗೂ ಪತ್ರದ ಅಂಕಿಗೂ ವ್ಯತ್ಯಾಸ ಬರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸಕ್ಕೆ ಲೆಟರ್ ಇಂಗ್ಲಿಷ್‌ನಲ್ಲೇ ಬೇಕು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಚಾಟ್‌ಜಿಪಿಟಿಯಲ್ಲಿ ಬರೆಸಿದರೆ ತಪ್ಪಾ?
– ಓದುಗರು, ಬಂಗಾರಪೇಟೆ

ಉತ್ತರ: ತಪ್ಪಿಲ್ಲ. ಆದರೆ ಮೊದಲು ಕನ್ನಡದಲ್ಲಿ ನೀವೇ ಬರೆಯಿರಿ. ಸಿಟ್ಟಾದ ಒಬ್ಬ ಗಿರಾಕಿಯನ್ನು ನೀವು ಸಮಾಧಾನ ಮಾಡಿ ಕಳಿಸಿದ ಒಂದು ಸಂದರ್ಭ, ಅಂಗಡಿಯಲ್ಲಾಗಲಿ ಬೇರೆ ಎಲ್ಲಾಗಲಿ, ಅದರಲ್ಲಿ ಇರಲಿ. ಕನ್ನಡದ ಜೊತೆ ತೆಲುಗು, ತಮಿಳು ಮಾತಾಡಲು ಬಂದರೆ ಮೇಲಿನ ಸಾಲಿನಲ್ಲೇ ಹಾಕಿ, ಆ ಕೆಲಸಕ್ಕೆ ಅದು ದೊಡ್ಡ ಬಲ. ಬಂಗಾರಪೇಟೆಯಿಂದ ವೈಟ್‌ಫೀಲ್ಡ್‌ಗೆ ನೇರ ರೈಲಿದೆ, ದಿನಾ ಓಡಾಡುತ್ತೇನೆ ಅನ್ನುವುದನ್ನೂ ಬರೆಯಿರಿ, ಅಷ್ಟು ದೂರದಿಂದ ಹೇಗೆ ಬರುತ್ತಾರೋ ಅನ್ನುವ ಅನುಮಾನ ಅವರಿಗೆ ಬಂದೇ ಬರುತ್ತದೆ. ಆಮೇಲೆ ಅದನ್ನು ಸರಳ ಇಂಗ್ಲಿಷ್‌ಗೆ ತಿರುಗಿಸು, ಹೊಸದೇನೂ ಸೇರಿಸಬೇಡ ಅಂತ ಹೇಳಿ. ಬಂದದ್ದನ್ನು ಗಟ್ಟಿಯಾಗಿ ಓದಿ. 'ಪ್ಯಾಶನೇಟ್', 'ಡೈನಾಮಿಕ್' ಅಂತ ನೀವು ಬಾಯಲ್ಲಿ ಯಾವತ್ತೂ ಆಡದ ಪದ ಸಿಕ್ಕಿದರೆ ಹೊಡೆದುಹಾಕಿ. ಇಂಟರ್‌ವ್ಯೂನಲ್ಲಿ ಆ ಲೆಟರ್ ಅವರ ಕೈಯಲ್ಲೇ ಇರುತ್ತದೆ, ಅದರಲ್ಲಿರುವ ಯಾವ ಸಾಲನ್ನು ತೋರಿಸಿ ಕೇಳಿದರೂ ಎರಡು ನಿಮಿಷ ಮಾತಾಡಲು ನಿಮಗೆ ಬರಬೇಕು.