ಓದಲು ಗದ್ದ ಎತ್ತಬೇಕೆ?

ಪ್ರಶ್ನೆ: ನನಗೆ 47. ಪ್ರೋಗ್ರೆಸಿವ್ ಕನ್ನಡಕ (ಒಂದೇ ಲೆನ್ಸಿನಲ್ಲಿ ಗೆರೆಯಿಲ್ಲದೆ ಮೇಲೆ ದೂರದ, ಕೆಳಗೆ ಓದುವ ಪವರ್) ಹಾಕಿ ಮೂರು ವಾರವಾಯಿತು. ದೂರದ್ದೆಲ್ಲ ಸ್ಪಷ್ಟ; ಓದಲು ಮಾತ್ರ ಗದ್ದ ಎತ್ತಬೇಕು. ಅಂಗಡಿಯವರು ‘ಅಭ್ಯಾಸವಾಗುತ್ತೆ’ ಅನ್ನುತ್ತಾರೆ. ನಂಬರ್ ತಪ್ಪಿದೆಯೆ?
– ಓದುಗರೊಬ್ಬರು, ಹಾಸನ

ಉತ್ತರ: ನಂಬರಿಗಿಂತ ಮೊದಲು ಫಿಟ್ಟಿಂಗ್ ಅನುಮಾನಿಸಿ. ಗದ್ದ ಎತ್ತಬೇಕಾದರೆ ಲೆನ್ಸ್ ಕೆಳಗೆ ಕೂತಿದೆ ಎಂದೇ ಸಾಮಾನ್ಯವಾಗಿ ಅರ್ಥ. ದೂರ ನೋಡಲು ತಲೆ ತಗ್ಗಿಸಬೇಕಾದರೆ ಮೇಲೆ ಕೂತಿದೆ.

ಪ್ರತಿ ಲೆನ್ಸಿನಲ್ಲೂ 34 ಮಿ.ಮೀ. ಅಂತರದಲ್ಲಿ ಎರಡು ಸಣ್ಣ ಕೆತ್ತನೆ ಗುರುತುಗಳಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದರೆ ಕಾಣುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ ಓದಲು ಸೇರಿಸಿದ ಹೆಚ್ಚುವರಿ ಪವರ್ (‘ಆ್ಯಡ್’; ಉದಾ: 1.75ಕ್ಕೆ 17 ಅಥವಾ 175) ಇರುತ್ತದೆ. ನಂಬರ್ ಬರೆದ ಚೀಟಿಯ ಜೊತೆ ತಾಳೆ ನೋಡಿ. ಆಮೇಲೆ ಆ ಲೆನ್ಸ್ ಕಂಪನಿಯ ಚಾರ್ಟ್ ಮೇಲಿಟ್ಟು ಫಿಟ್ಟಿಂಗ್ ಕ್ರಾಸನ್ನು ಪೆನ್ನಿನಿಂದ ಗುರುತಿಸಲು ಅಂಗಡಿಯವರಿಗೆ ಹೇಳಿ. ಕನ್ನಡಕ ಹಾಕಿ ನೇರ ನೋಡಿದಾಗ ಕ್ರಾಸ್ ಪಾಪೆಯ ನಡುವೆ ಬರಬೇಕು.

ಒಂದೆರಡು ಮಿ.ಮೀ. ಕೆಳಗಿದ್ದರೆ ಮೂಗಿನ ಪ್ಯಾಡ್‌ಗಳನ್ನು ಹತ್ತಿರ ತಂದರೆ ಫ್ರೇಮ್ ಮೇಲೇರುತ್ತದೆ. ಪ್ಯಾಡ್ ಇಲ್ಲದ ಪ್ಲಾಸ್ಟಿಕ್ ಫ್ರೇಮಿನಲ್ಲಿ ಈ ಅವಕಾಶ ಕಡಿಮೆ. ಅದಕ್ಕಿಂತ ಹೆಚ್ಚು ಕೆಳಗಿದ್ದರೆ ಲೆನ್ಸನ್ನೇ ಮತ್ತೆ ಮಾಡಬೇಕು, ಅಭ್ಯಾಸದಿಂದ ಸರಿಹೋಗದು. ಎಡ–ಬಲ ಕಣ್ಣಿನ ಪಿಡಿ (ಮೂಗಿನ ನಡುವಿನಿಂದ ಪಾಪೆಯ ನಡುವಿನವರೆಗಿನ ದೂರ) ಬೇರೆಬೇರೆಯಾಗಿ ಅಳೆಯಲಿ; ಒಟ್ಟು ಅಳತೆಯನ್ನು ಅರ್ಧ ಮಾಡುವುದು ಸೋಮಾರಿತನ.